ಹುಲಿಗೆಮ್ಮನ ತೋಟದ ಥ್ರಿಪ್ಸ್

ಕೋವಿಡ್‌ನ ಎರಡನೆಯ ಅಲೆ ಇಳಿದ ಮರುವರ್ಷದ ಮಾತು. ನಾನಾಗ ಹರಪನಹಳ್ಳಿಯ ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕಿಯಾಗಿದ್ದೆ. ನಿವೃತ್ತಿ ಹತ್ತಿರದಲ್ಲೇ ಇತ್ತು. ನನ್ನ ಊರು ಕೊಟ್ಟೂರು. ದಿನವೂ ಅಲ್ಲಿಂದಲೇ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಸಂಬಳ ಬರುತ್ತಿದ್ದದ್ದು ಪಾಠ ಹೇಳಿದ್ದಕ್ಕೆ. ಆದರೆ ನಾನು ಮನಸ್ಸಿಟ್ಟು ಕಲಿತ ವಿದ್ಯೆ ಬೇರೆ. ಪಿಎಚ್.ಡಿ. ಕಾಲದಿಂದಲೂ ಥ್ರಿಪ್ಸ್ ಎಂಬ ಕೀಟಗಳ ವರ್ಗೀಕರಣ ಮಾಡಿಕೊಂಡು ಬಂದವಳು ನಾನು.

ಥ್ರಿಪ್ಸ್ ಎಳ್ಳುಕಾಳಿಗಿಂತ ಚಿಕ್ಕ ಕೀಟ. ಬಿಳಿ ಹಾಳೆಯ ಮೇಲೆ ಪೆನ್ನಿನಿಂದ ಎಳೆದ ಸಣ್ಣ ಗೀಟಿನಂತೆ ಕಾಣುತ್ತದೆ. ಗೀಟು ನಡೆಯತೊಡಗಿದಾಗಲೇ ಅದು ಹುಳವೆಂದು ಗೊತ್ತಾಗುವುದು. ರೈತರಿಗೆ ಈ ಹೆಸರು ಚೆನ್ನಾಗಿ ಗೊತ್ತು, ಏಕೆಂದರೆ ಈರುಳ್ಳಿ, ಮೆಣಸಿನಕಾಯಿ, ಹತ್ತಿ ಎಲ್ಲಕ್ಕೂ ಬಿದ್ದು ರಸ ಹೀರುವ ಥ್ರಿಪ್ಸ್‌ಗಳಿವೆ. ಆದರೆ ಇವುಗಳಲ್ಲಿ ಹಸಿರು ಗಿಡವನ್ನು ಮುಟ್ಟದವೂ ಬಹಳ ಇವೆ. ಒಣಗಿದ ಕೊಂಬೆ, ಉದುರಿದ ಎಲೆ, ಇವುಗಳ ಮೇಲೆ ಬೆಳೆಯುವ ಶಿಲೀಂಧ್ರ, ಎಂದರೆ ನಾವು ಬೂಷ್ಟು ಎನ್ನುತ್ತೇವಲ್ಲ, ಅದನ್ನು ತಿಂದು ಬದುಕುವಂಥವು. ಬೆಳೆಗೆ ಹಾನಿಯಿಲ್ಲ, ಆದ್ದರಿಂದ ಇವುಗಳನ್ನು ಕೇಳುವವರೂ ಇಲ್ಲ. ನಮ್ಮ ದೇಶದಲ್ಲಿ ಇವನ್ನು ನೋಡಿ ಗುರುತು ಹಿಡಿಯುವವರು ತೀರ ಕಡಿಮೆ. ನಾನು ಅಂಥವರಲ್ಲಿ ಒಬ್ಬಳು.

ಅದರ ಹಿಂದಿನ ಹಂಗಾಮಿನಲ್ಲಿ ಬಳ್ಳಾರಿ ಸೀಮೆಯ ಮೆಣಸಿನಕಾಯಿ ಹೊಲಗಳಿಗೆ ಹೊರದೇಶದಿಂದ ಬಂದ ಕಪ್ಪು ಥ್ರಿಪ್ಸ್ ಬಿದ್ದಿತ್ತು. ಹೂವುಗಳಲ್ಲೇ ಕೂತು ಕಾಯಿ ಕಚ್ಚದ ಹಾಗೆ ಮಾಡಿದ ಆ ಹುಳದಿಂದ ಎಷ್ಟೋ ಜನ ನಿಂತ ಬೆಳೆಯನ್ನೇ ಹರಗಿ ಹಾಕಿದ್ದರು. ಹಾಗಾಗಿ ಆ ವರ್ಷ ನಮ್ಮ ಸುತ್ತಲಿನ ತಾಲ್ಲೂಕುಗಳಲ್ಲಿ ಎಲ್ಲೇ ಕಪ್ಪು ಬಣ್ಣದ ಸಣ್ಣ ಹುಳ ಕಂಡರೂ ಜನ ಗಾಬರಿಯಾಗುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಹೆಂಗಸೊಬ್ಬಳು ನನ್ನ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದಳು. ನಲವತ್ತರ ಆಸುಪಾಸು, ಕೈಯಲ್ಲಿ ಮುಚ್ಚಳ ಬಿಗಿದ ಸ್ಟೀಲ್ ಡಬ್ಬಿ. ಹೂವಿನಹಡಗಲಿ ಕಡೆಯ ಒಂದು ಹಳ್ಳಿಯಿಂದ ಬಂದಿದ್ದಳು. ಆ ಹಳ್ಳಿಯ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಅವಳ ಹೆಸರು ಹುಲಿಗೆಮ್ಮ. ಗಂಡ ದುರುಗಪ್ಪ. ಇಬ್ಬರೂ ಮೊದಲು ಬೇರೆಯವರ ತೋಟದಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದವರು. ಆಮೇಲೆ ತಮ್ಮ ಪಾಲಿಗೆ ಬಂದ ತುಂಡು ಹೊಲದಲ್ಲಿ ತಾವೇ ಮಲ್ಲಿಗೆ ಹಚ್ಚಿದ್ದರು. ಅವಳ ಕೈಗುಣ ಚೆನ್ನಾಗಿತ್ತು. ಕಡ್ಡಿ ಊರಿ ಬೇರು ಬರಿಸಿ ಸಸಿ ಮಾಡಿ ಅಕ್ಕಪಕ್ಕದವರಿಗೂ ಕೊಡುತ್ತಿದ್ದಳು.

ಡಬ್ಬಿಯಲ್ಲಿ ಮಲ್ಲಿಗೆಯ ಒಣಕಡ್ಡಿಗಳಿದ್ದವು. ಹಾಳೆಯ ಮೇಲೆ ಜಾಡಿಸಿದೆ. ಕಪ್ಪು ಹುಳಗಳು ಉದುರಿ, ನಿಧಾನವಾಗಿ ನಡೆಯತೊಡಗಿದವು.

"ಮೇಡಮ್ಮೋರ, ಊರಾಗ ಎಲ್ಲಾರ ಹೂವಿನ ಗಿಡಾನೂ ತುದಿಯಿಂದ ಒಣಗಾಕ ಹತ್ಯಾವ. ನನ್ನ ತ್ವಾಟದಾಗ ಈ ಹುಳ ಕಂಡೈತಿ. ನಾನು ತವರುಮನಿ ಹಂಪಸಾಗರದಿಂದ ಕಡ್ಡಿ ತಂದಿದ್ನಿ. ಅಲ್ಲಿ ಬಾಜೂಕ ಮೆಣಸಿನಕಾಯಿ ಹೊಲ ಇತ್ತು. ಈಗ ಎಲ್ಲಾರೂ ನೀನ ತಂದಾಕಿ ಅಂತಾರ," ಎಂದಳು. ಡಬ್ಬಿಯನ್ನು ನನ್ನ ಕಡೆ ಸರಿಸಿ, "ಇದು ಮೆಣಸಿನಕಾಯಿ ಹುಳ ಹೌದೋ ಅಲ್ಲೋ, ಅಷ್ಟು ಹೇಳ್ರಿ ಸಾಕು," ಎಂದಳು.

ಅಷ್ಟನ್ನು ಹೇಳುವುದು ನನಗೆ ಕಷ್ಟವಿರಲಿಲ್ಲ. ಥ್ರಿಪ್ಸ್‌ಗಳಲ್ಲಿ ಎರಡು ದೊಡ್ಡ ಗುಂಪುಗಳಿವೆ. ಮೊದಲ ಗುಂಪಿನ ಹೆಣ್ಣಿಗೆ ಹಿಂಭಾಗದಲ್ಲಿ ಗರಗಸದಂಥ ಅಂಗವಿರುತ್ತದೆ. ಅದರಿಂದ ಎಲೆಯನ್ನು ಕೊಯ್ದು ಒಳಗೆ ಮೊಟ್ಟೆ ಇಡುತ್ತದೆ. ಮೆಣಸಿನಕಾಯಿಯ ಹುಳ ಆ ಗುಂಪಿನದು. ಎರಡನೆಯ ಗುಂಪಿನಲ್ಲಿ ಗರಗಸವಿಲ್ಲ. ದೇಹದ ಕೊನೆಯ ಭಾಗ ಕೊಳವೆಯಂತೆ ಚಾಚಿರುತ್ತದೆ. ಮೈಕ್ರೋಸ್ಕೋಪಿನ ಕೆಳಗೆ ಇಟ್ಟ ಕೂಡಲೇ ಕೊಳವೆ ಕಂಡಿತು. ತಲೆಯೊಳಗಿನ ಸ್ಟೈಲೆಟ್‌ಗಳು, ಎಂದರೆ ಆಹಾರ ಹೀರುವ ನಳಿಗೆಗಳು, ಅಗಲವಾಗಿದ್ದವು. ರಸ ಹೀರುವ ಹುಳದ ನಳಿಗೆ ಸಪೂರ. ಶಿಲೀಂಧ್ರದ ಬೀಜಾಣುಗಳನ್ನು ಇಡಿಯಾಗಿ ನುಂಗುವ ಹುಳದ್ದು ಮಾತ್ರ ಇಷ್ಟು ಅಗಲ.

"ಇದು ಆ ಹುಳ ಅಲ್ಲಮ್ಮ. ಇದು ನಿನ್ನ ಗಿಡ ತಿನ್ನಾದೇ ಇಲ್ಲ. ಒಣಗಿದ ಕಡ್ಡಿ ಮ್ಯಾಲಿನ ಬೂಷ್ಟು ತಿಂತೈತಿ," ಎಂದೆ.

ಅವಳು ಕಣ್ಣೊರೆಸಿಕೊಂಡಳು. "ನಾನು ಹೇಳಿದ್ರ ಯಾರು ಕೇಳತಾರ್ರಿ. ನೀವ ಬಂದು ಒಂದ ಮಾತು ಹೇಳಬೇಕು."

ಮುಂದಿನ ಭಾನುವಾರವೇ ಹಡಗಲಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಆ ಹಳ್ಳಿ ಸೇರಿದೆ. ಜೊತೆಗೆ ಕಾಲೇಜಿನ ಸಣ್ಣ ಮೈಕ್ರೋಸ್ಕೋಪನ್ನೂ ಒಯ್ದಿದ್ದೆ. ಹೂ ಬೆಳೆಯುವವರ ಪೈಕಿ ಹಿರಿಯ ಕೊಟ್ರಗೌಡರು. ಹುಲಿಗೆಮ್ಮನ ತೋಟದ ಬದುವಿಗೆ ಹೊಂದಿಕೊಂಡೇ ಅವರ ತೋಟ. ಹೂವನ್ನು ಹಡಗಲಿಗೆ ಸಾಗಿಸುವ ಟೆಂಪೊ ಕೂಡ ಅವರದೇ. ಅವರ ಪಂಪ್‌ಶೆಡ್ಡಿನ ಮುಂದೆ ಜನ ಸೇರಿದರು. ನನಗೆ ಕುರ್ಚಿ ಹಾಕಿದರು, ಚಹಾ ಕೊಟ್ಟರು. ಹುಲಿಗೆಮ್ಮ ದೂರದಲ್ಲಿ ಬದುವಿನ ಮೇಲೆ ಕೂತಿದ್ದಳು, ದುರುಗಪ್ಪ ಅವಳ ಹಿಂದೆ ನಿಂತಿದ್ದ.

ನಾನು ಮೊದಲು ತೋಟಗಳಲ್ಲಿ ಸುತ್ತಾಡಿ ನೋಡಿದೆ. ಆ ವರ್ಷ ಮಳೆ ಹಿಂದೆಂದೂ ಕಾಣದಷ್ಟು ಹಿಡಿದಿತ್ತು. ದೀಪಾವಳಿ ಕಳೆದರೂ ಬಿಟ್ಟಿರಲಿಲ್ಲ. ಎರೆಮಣ್ಣಿನಲ್ಲಿ ನೀರು ನಿಂತು ಮಲ್ಲಿಗೆಯ ಬೇರು ಕೊಳೆತಿತ್ತು. ಒಂದು ಗಿಡ ಕಿತ್ತು ತೋರಿಸಿದೆ; ಬೇರಿನ ಸಿಪ್ಪೆ ಬೆರಳಿಗೇ ಜಾರಿ ಬಂತು. ಬೇರು ಕೊಳೆತ ಮೇಲೆ ತುದಿ ಒಣಗುತ್ತದೆ, ಒಣಗಿದ ಕಡ್ಡಿಗೆ ಬೂಷ್ಟು ಕೂರುತ್ತದೆ, ಬೂಷ್ಟು ಕೂತ ಮೇಲೆ ಈ ಹುಳ ಬರುತ್ತದೆ. ಗಿಡ ಸತ್ತ ಮೇಲೆ ಬಂದದ್ದು ಗಿಡವನ್ನು ಕೊಂದಿರಲು ಹೇಗೆ ಸಾಧ್ಯ ಎಂದು ವಿವರಿಸಿದೆ.

ಕೊಟ್ರಗೌಡರು ಸಮಾಧಾನದಿಂದ ಕೇಳಿಸಿಕೊಂಡರು. ಆಮೇಲೆ ಕೇಳಿದರು, "ಮೇಡಂ, ಈ ಹುಳದ ಹೆಸರು ಏನ್ರಿ?"

"ಇನ್ನೂ ಗೊತ್ತಿಲ್ರಿ ಗೌಡ್ರ. ನೋಡಬೇಕು."

"ಹೆಸರ ಗೊತ್ತಿಲ್ಲ ಅಂದಮ್ಯಾಲ ಅದರ ಗುಣ ಹೆಂಗ ಗೊತ್ತಾತ್ರಿ?"

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಾನು ಒಂದು ಸ್ಲೈಡನ್ನು ಮೈಕ್ರೋಸ್ಕೋಪಿಗೆ ಇಟ್ಟು ಅವರನ್ನು ಕರೆದೆ. ಸಾಮಾನ್ಯವಾಗಿ ಸ್ಲೈಡ್ ಮಾಡುವಾಗ ಹುಳವನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸುತ್ತೇವೆ. ಒಳಗಿನದೆಲ್ಲ ಕರಗಿ ಮೈ ಪಾರದರ್ಶಕವಾಗುತ್ತದೆ. ಇದನ್ನು ಮಾತ್ರ ಬೇಕೆಂದೇ ನೆನೆಸಿರಲಿಲ್ಲ. ಅದರ ಹೊಟ್ಟೆಯಲ್ಲಿ ಶಿಲೀಂಧ್ರದ ಬೀಜಾಣುಗಳು ಒತ್ತೊತ್ತಾಗಿ ತುಂಬಿದ್ದವು. ಕೊಟ್ರಗೌಡರು ಕನ್ನಡಕ ತೆಗೆದು ಒಂದು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೋಡಿದರು.

"ಕಾಣತೈತಿ. ರಾಗಿ ತುಂಬಿದಂಗ ಐತಿ," ಎಂದರು. "ನೀವು ಹೇಳೂದು ಸುಳ್ಳು ಅನ್ನಂಗಿಲ್ಲ. ಆದ್ರ ಗಿಡ ಒಣಗೂದು ನಿಂತಿಲ್ಲಲ್ರಿ. ಇದಲ್ಲ ಅಂದ್ರ ಯಾವ ಔಷಧಿ ಹೊಡೀಬೇಕು, ಅದನ್ನರ ಹೇಳ್ರಿ."

ಬಸಿಗಾಲುವೆ ತೆಗೆಯಿರಿ, ಮುಂದಿನ ಮಳೆಗೆ ನೀರು ನಿಲ್ಲದ ಹಾಗೆ ಮಾಡಿರಿ ಎಂದೆ. ಆಗಲೇ ಬೇರು ಕೊಳೆತ ಗಿಡಕ್ಕೆ ಔಷಧಿಯಿಲ್ಲ ಎಂದೂ ಹೇಳಿದೆ. ಹೇಳುತ್ತಿದ್ದಂತೆಯೇ ಅವರೆಲ್ಲರ ಮುಖ ನನ್ನಿಂದ ಆಚೆ ತಿರುಗಿದ್ದು ಕಾಣಿಸಿತು. ಅವರಿಗೆ ಏನಾದರೂ ಮಾಡಬೇಕಾಗಿತ್ತು. ನಾನು ಕೈಗೊಂದು ಕೆಲಸ ಕೊಡದೆ, ಅವರು ಹಿಡಿದಿದ್ದ ಒಂದು ಕಾರಣವನ್ನೂ ಕಿತ್ತುಕೊಳ್ಳಲು ಬಂದವಳಾಗಿದ್ದೆ. ತಾಲ್ಲೂಕಿನ ಔಷಧಿ ಅಂಗಡಿಯವನೊಬ್ಬ ಅದು ಥ್ರಿಪ್ಸೇ ಎಂದು ಆಗಲೇ ಹೇಳಿಯಾಗಿತ್ತು. ಅದು ಥ್ರಿಪ್ಸ್ ಎಂಬುದು ನಿಜವೂ ಆಗಿತ್ತು. ಎಲ್ಲ ಥ್ರಿಪ್ಸ್ ಒಂದೇ ಅಲ್ಲ ಎಂಬ ನನ್ನ ಮಾತು ಅದರ ಮುಂದೆ ನಿಲ್ಲಲಿಲ್ಲ.

ಕೊಟ್ಟೂರಿಗೆ ಮರಳಿದ ಮೇಲೆ ಹೆಸರಿನ ಬೆನ್ನು ಹತ್ತಿದೆ. ಹೆಸರು ಸಿಕ್ಕರೆ, ಇಂಥ ಪ್ರಭೇದ, ಇಂಥಲ್ಲಿ ವರ್ಣಿತವಾಗಿದೆ, ಇಂಥ ಆಹಾರ ಎಂದು ತೋಟಗಾರಿಕೆಯ ಅಧಿಕಾರಿಗಳ ಮುಂದೆ ಇಡಬಹುದಿತ್ತು. ಅವರು ಊರಿಗೆ ಬಂದು ಹೇಳಿದರೆ ಜನ ಕೇಳಬಹುದೆಂಬ ಆಸೆ. ಒಬ್ಬ ಅಧಿಕಾರಿಗೆ ಫೋನ್ ಮಾಡಿದಾಗ, "ಮೇಡಂ, ಹೆಸರು ಖಚಿತವಾಗಿ ಬರಲಿ, ಆಮೇಲೆ ನೋಡೋಣ. ಹೆಸರಿಲ್ಲದ ಹುಳದ ಬಗ್ಗೆ ನಾವು ಏನಂತ ಹೇಳೋದು?" ಎಂದರು.

ಕೀಟ ಗುರುತಿಸಲು ನಾವು ಬಳಸುವುದಕ್ಕೆ ಕೀ ಎನ್ನುತ್ತಾರೆ. ಅದು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪ್ರಶ್ನೆಗಳ ಸಾಲು. ಮೀಸೆಯಲ್ಲಿ ಎಷ್ಟು ಗೆಣ್ಣು, ಕುತ್ತಿಗೆಯ ಮೇಲಿನ ಕೂದಲ ತುದಿ ಚೂಪೋ ಮೊಂಡೋ, ಕೊಳವೆ ತಲೆಗಿಂತ ಉದ್ದವೋ ಗಿಡ್ಡವೋ. ಪ್ರತಿ ಉತ್ತರಕ್ಕೂ ಒಂದು ಮೆಟ್ಟಿಲು ಇಳಿದು ಕೊನೆಗೆ ಹೆಸರಿಗೆ ಬಂದು ನಿಲ್ಲಬೇಕು. ಹುಳಗಳನ್ನು ಆಲ್ಕೋಹಾಲಿನಲ್ಲಿ ಹಂತಹಂತವಾಗಿ ನೀರಿನಂಶ ತೆಗೆದು, ಲವಂಗದೆಣ್ಣೆಯಲ್ಲಿ ತಿಳಿಯಾಗಿಸಿ, ಕೆನಡಾ ಬಾಲ್ಸಮ್ ಎಂಬ ಅಂಟಿನಲ್ಲಿ ಕೂರಿಸಿದೆ. ಮುರಿಯದಂತೆ ರೆಕ್ಕೆ ಬಿಡಿಸಿದೆ. ಕೀಯಲ್ಲಿ ಕುಲದವರೆಗೆ ಸಲೀಸಾಗಿ ಇಳಿದೆ. ಅಲ್ಲಿಂದ ಮುಂದಿನ ಮೆಟ್ಟಿಲು ಗಂಡು ಹುಳದ ಮುಂಗಾಲಿನ ಹಲ್ಲಿನ, ಎಂದರೆ ಅಲ್ಲಿ ಚಾಚಿರುವ ಮೊನೆಯ, ಆಕಾರ ಕೇಳುತ್ತಿತ್ತು. ನನ್ನ ಬಳಿ ಇದ್ದವೆಲ್ಲ ಹೆಣ್ಣು.

ಬೆಂಗಳೂರಿನಲ್ಲಿದ್ದ ನನ್ನ ಗುರುಗಳಿಗೆ ಸ್ಲೈಡ್‌ಗಳನ್ನು ಕಳಿಸಿದೆ. ಅವರಿಗೆ ಎಂಬತ್ತು ದಾಟಿತ್ತು, ಕಣ್ಣು ಮಾತ್ರ ಚುರುಕಾಗಿತ್ತು. ನೋಡಿ ಫೋನ್ ಮಾಡಿದರು. "ನನಗೆ ಒಂದು ಅನುಮಾನ ಇದೆ. ಬಹಳ ಹಿಂದೆ ದಕ್ಷಿಣದ ಯಾವುದೋ ಕುರುಚಲು ಕಾಡಿನಲ್ಲಿ ಕೆಲವೇ ಹೆಣ್ಣುಗಳನ್ನು ಹಿಡಿದು ಒಂದು ಪ್ರಭೇದ ವರ್ಣಿಸಿದ್ದಾರೆ. ಆಮೇಲೆ ಅದನ್ನು ಯಾರೂ ಕಂಡಿಲ್ಲ. ಆದರೆ ಹತ್ತಿರದ ಬೇರೆ ಪ್ರಭೇದಗಳ ಹೆಣ್ಣುಗಳೂ ಹೀಗೇ ಕಾಣುತ್ತವೆ, ಅವುಗಳ ಗಂಡುಗಳು ಮಾತ್ರ ನಮಗೆ ಗೊತ್ತು. ಗಂಡು ನೋಡದೆ ನೀನು ಬಾಯಿ ಬಿಡಬೇಡಮ್ಮ."

ಗಂಡು ಹುಡುಕಿಕೊಂಡು ಮತ್ತೆ ಮತ್ತೆ ಹುಲಿಗೆಮ್ಮನ ತೋಟಕ್ಕೆ ಹೋದೆ. ಬಿಳಿ ತಟ್ಟೆಯನ್ನು ಕೆಳಗೆ ಹಿಡಿದು ಒಣಕಡ್ಡಿಗಳನ್ನು ಕೋಲಿನಿಂದ ಮೆಲ್ಲನೆ ಬಡಿಯುವುದು, ಬಿದ್ದ ಹುಳವನ್ನು ಒದ್ದೆ ಕುಂಚದ ತುದಿಯಿಂದ ಎತ್ತಿ ಸೀಸೆಗೆ ಹಾಕುವುದು. ಹುಲಿಗೆಮ್ಮ ತಟ್ಟೆ ಹಿಡಿಯುತ್ತಿದ್ದಳು. ಪ್ರತಿ ಸಲ ಕೊಟ್ಟೂರಿಗೆ ಬಂದು ನೋಡಿದರೆ ಹೆಣ್ಣೇ. ಕೆಲವು ಥ್ರಿಪ್ಸ್‌ಗಳಲ್ಲಿ ಗಂಡು ಅತಿ ವಿರಳ. ಕೆಲವು ಕಡೆ ಹೆಣ್ಣುಗಳೇ ಗಂಡಿಲ್ಲದೆ ಪೀಳಿಗೆ ಮುಂದುವರಿಸುತ್ತವೆ. ಇಲ್ಲಿ ಹಾಗೇ ಇದ್ದರೆ ನಾನು ಎಷ್ಟು ಬಡಿದರೂ ಗಂಡು ಸಿಗುವಂತಿರಲಿಲ್ಲ.

ಅಷ್ಟರಲ್ಲಿ ಊರಿನಲ್ಲಿ ಅವಳ ಸ್ಥಿತಿ ಬಿಗಡಾಯಿಸುತ್ತಿತ್ತು. ಸಸಿ ಒಯ್ದಿದ್ದವರು ತಂದು ಅವಳ ಮನೆ ಮುಂದೆ ಎಸೆದು ಹೋದರು. ನೀರಿನ ಟ್ಯಾಂಕಿನ ಹತ್ತಿರ ಅವಳು ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಟೆಂಪೊದಲ್ಲಿ ಅವಳ ಹೂವಿನ ಗಂಟನ್ನು ಬೇರೆ ಮೂಲೆಯಲ್ಲಿ ಇಡಿಸುತ್ತಿದ್ದರು.

"ಇನ್ನೂ ಎಷ್ಟು ದಿನ ಆಗತೈತ್ರಿ?" ಎಂದು ಒಂದು ದಿನ ದುರುಗಪ್ಪ ಕೇಳಿದ. ಅಲ್ಲಿಯವರೆಗೆ ಅವನು ನನ್ನೊಡನೆ ಮಾತಾಡಿದವನೇ ಅಲ್ಲ.

"ಹೇಳಾಕ ಬರಾಂಗಿಲ್ಲಪ್ಪ. ನಾಳೆನೂ ಸಿಗಬಹುದು, ವರ್ಷಾನೂ ಆಗಬಹುದು."

ಅವನು ತಲೆಯಾಡಿಸಿ ಸಲಿಕೆ ಎತ್ತಿಕೊಂಡು ಹೋದ. ನನ್ನ ಉತ್ತರ ಪ್ರಾಮಾಣಿಕವಾದದ್ದು. ಅವನಿಗೆ ಅದರಿಂದ ಏನು ಪ್ರಯೋಜನವಾಯಿತೆಂದು ಇಂದಿಗೂ ನನಗೆ ತಿಳಿಯದು.

ಯುಗಾದಿ ಸಮೀಪಿಸುತ್ತಿತ್ತು. ಮಲ್ಲಿಗೆಯ ಹಂಗಾಮು ತೆರೆದುಕೊಳ್ಳುವ ಹೊತ್ತು. ತರಗತಿ ಮುಗಿಸಿ ಹೊರಬಂದಾಗ ಹುಲಿಗೆಮ್ಮನ ಫೋನ್ ಬಂತು. ಅವಳ ದನಿಯಲ್ಲಿ ಅಳುವಿರಲಿಲ್ಲ. "ಮೇಡಮ್ಮೋರ, ತ್ವಾಟ ಕೀಳಾಕ ಹತ್ಯಾರ್ರಿ," ಎಂದಳು.

ಹಿಂದಿನ ದಿನ ಹೂ ಬೆಳೆಯುವವರು ಸಭೆ ಸೇರಿದ್ದರಂತೆ. ಮೊದಲು ಹುಳ ಕಂಡ ತೋಟವನ್ನು ಕಿತ್ತು ಸುಡಬೇಕು, ಇಲ್ಲವಾದರೆ ಆ ಗಂಡಹೆಂಡಿರ ಹೂವನ್ನು ಟೆಂಪೊಗೆ ಹತ್ತಿಸುವುದಿಲ್ಲ ಎಂದು ತೀರ್ಮಾನಿಸಿದ್ದರು. ಟೆಂಪೊ ಇಲ್ಲದೆ ಮೊಗ್ಗು ಅರಳುವ ಮುಂಚೆ ಹಡಗಲಿ ತಲುಪುವುದಿಲ್ಲ. ಅರಳಿದ ಮಲ್ಲಿಗೆಯನ್ನು ಯಾರೂ ಕೊಳ್ಳುವುದಿಲ್ಲ. ನಾನು ಬಸ್ ನಿಲ್ದಾಣದಲ್ಲಿ ನಿಂತುಕೊಂಡೇ ಆ ಅಧಿಕಾರಿಗೆ ಫೋನ್ ಹಚ್ಚಿದೆ. ಖಾಸಗಿ ಜಮೀನಿನಲ್ಲಿ ಮಾಲೀಕರೇ ಕೀಳುತ್ತಿದ್ದರೆ ತಾವು ತಡೆಯಲಾಗದು ಎಂದರು. ಮಾಲೀಕರೇ ಹೇಗೆ ಕೀಳುತ್ತಾರೆ ಎಂದು ನಾನು ವಾದಿಸಿದೆ.

ಹೋಗಿ ನೋಡಿದರೆ ಅಧಿಕಾರಿ ಹೇಳಿದ್ದು ಸರಿಯಾಗಿತ್ತು. ದುರುಗಪ್ಪನೇ ಕೀಳುತ್ತಿದ್ದ. ಉಳಿದವರು ಗಿಡಗಳನ್ನು ಎಳೆದು ರಾಶಿ ಹಾಕುತ್ತಿದ್ದರು. ಯಾರೂ ಅವನನ್ನು ಬೈಯುತ್ತಿರಲಿಲ್ಲ, ಕೈ ಮಾಡುತ್ತಿರಲಿಲ್ಲ. ಒಬ್ಬ ಅವನಿಗೆ ಕುಡಿಯಲು ನೀರನ್ನೂ ತಂದುಕೊಟ್ಟ. ಅರ್ಧ ರಾಶಿಗೆ ಆಗಲೇ ಬೆಂಕಿ ಹಚ್ಚಿದ್ದರು. ಹಸಿ ಗಿಡಗಳೂ ಅದರಲ್ಲಿದ್ದವು, ಮೊಗ್ಗು ಬಿಟ್ಟವು ಕೂಡ. ಹೊಗೆಯಲ್ಲಿ ಮಲ್ಲಿಗೆಯ ವಾಸನೆ ಇರಲಿಲ್ಲ. ಸುಟ್ಟ ಸೊಪ್ಪಿನ ಕಮಟು ಅಷ್ಟೆ.

ಕೊಟ್ರಗೌಡರ ಬಳಿ ಹೋಗಿ, "ಗೌಡ್ರ, ಇದರಿಂದ ನಿಮ್ಮ ಗಿಡ ಉಳಿಯಂಗಿಲ್ರಿ," ಎಂದೆ.

"ಉಳೀಲಿಕ್ಕಿಲ್ಲ ಮೇಡಂ. ಆದ್ರ ಸುಮ್ನ ಕುಂತು ನೋಡಾಕ ಆಗಾಂಗಿಲ್ಲ," ಎಂದರು. ಅವರ ಕಣ್ಣುಗಳೂ ಹೊಗೆಗೆ ಕೆಂಪಾಗಿದ್ದವು. ಅವರ ತೋಟವೂ ಅರ್ಧ ಒಣಗಿತ್ತು.

ಹುಲಿಗೆಮ್ಮ ನನ್ನ ಪಕ್ಕದಲ್ಲಿ ಬಂದು ನಿಂತಳು. ಇಬ್ಬರೂ ಬೆಂಕಿ ಆರುವ ತನಕ ನಿಂತಿದ್ದೆವು. ನನ್ನ ಚೀಲದಲ್ಲಿ ಬಿಳಿ ತಟ್ಟೆ, ಕುಂಚ, ಸೀಸೆ ಎಲ್ಲ ಇದ್ದವು. ಉಳಿದ ರಾಶಿಯಿಂದ ಒಂದಿಷ್ಟು ಕಡ್ಡಿ ಎತ್ತಿಕೊಳ್ಳಬೇಕೆಂದು ಮನಸ್ಸಿಗೆ ಬಂದದ್ದು ಹೌದು. ಆ ಹೊತ್ತಿನಲ್ಲಿ, ಅವಳ ಎದುರಿನಲ್ಲಿ, ಆ ಕೆಲಸಕ್ಕೆ ಕೈ ಏಳಲಿಲ್ಲ.

ಆ ಬೇಸಿಗೆಯಲ್ಲಿ ಊರಿನ ಉಳಿದ ತೋಟಗಳೂ ಒಂದೊಂದಾಗಿ ಒಣಗುತ್ತ ಹೋದವು. ಕೆಲವರು ಕಿತ್ತು ಮೆಕ್ಕೆಜೋಳ ಹಾಕಿದರು. ನೀರು ಬಸಿಯುವ ಎತ್ತರದ ಹೊಲಗಳಲ್ಲಿ ಮಾತ್ರ ಮಲ್ಲಿಗೆ ಉಳಿಯಿತು.

ಗಂಡು ಹುಳ ಸಿಕ್ಕಿದ್ದು ಮರುವರ್ಷ, ನಾನು ಹುಡುಕುವುದನ್ನು ಬಹುಮಟ್ಟಿಗೆ ಬಿಟ್ಟ ಮೇಲೆ. ವಿದ್ಯಾರ್ಥಿಗಳನ್ನು ಕೂಡ್ಲಿಗಿ ಕಡೆಯ ಕುರುಚಲು ಗುಡ್ಡಗಳಿಗೆ ಕ್ಷೇತ್ರ ಅಧ್ಯಯನಕ್ಕೆ ಕರೆದೊಯ್ದಿದ್ದೆ. ಕಮರದ ಮರವೊಂದರ ಮುರಿದು ಬಿದ್ದ ಕೊಂಬೆಯನ್ನು ಅಭ್ಯಾಸಬಲದಿಂದ ತಟ್ಟೆಯ ಮೇಲೆ ಬಡಿದೆ. ಅದೇ ಕಪ್ಪು ಹುಳಗಳು ಉದುರಿದವು. ಅವುಗಳ ನಡುವೆ ದಪ್ಪ ಮುಂಗಾಲಿನ ಒಂದು, ಆಮೇಲೆ ಇನ್ನೊಂದು. ಕಾಲೇಜಿಗೆ ಬಂದು ಸ್ಲೈಡ್ ಮಾಡಿ ನೋಡಿದೆ. ಮುಂಗಾಲಿನ ಹಲ್ಲು ಸ್ಪಷ್ಟವಾಗಿತ್ತು, ಹತ್ತಿರದ ಯಾವ ಪ್ರಭೇದದ ಗಂಡಿಗೂ ಅದು ಹೊಂದಲಿಲ್ಲ. ಗುರುಗಳು ಹಳೆಯ ಹೆಣ್ಣು ಮಾದರಿಗಳ ಚಿತ್ರಗಳನ್ನು ತರಿಸಿ ಹೋಲಿಸಿ, ಅನುಮಾನವಿಲ್ಲ ಎಂದರು. ಅವರು ಊಹಿಸಿದ್ದ ಪ್ರಭೇದವೇ ಅದು. ಅದರ ಗಂಡನ್ನು ಮೊದಲ ಬಾರಿಗೆ ವರ್ಣಿಸಿ ನಾವಿಬ್ಬರೂ ಸಣ್ಣ ಪ್ರಬಂಧ ಬರೆದೆವು. ಮೆಣಸಿನಕಾಯಿ, ಮಲ್ಲಿಗೆ ಯಾವುದೂ ಇಲ್ಲದ ಗುಡ್ಡದಲ್ಲಿ ಸಿಕ್ಕ ಆ ಹುಳ ಎಲ್ಲಿಂದಲೂ ಬಂದದ್ದಲ್ಲ. ನಮ್ಮ ಸೀಮೆಯಲ್ಲೇ ಮೊದಲಿನಿಂದ ಇದ್ದದ್ದು. ಅದನ್ನು ಯಾರೂ ಯಾವ ಊರಿನಿಂದಲೂ ತರಬೇಕಾದ ಅಗತ್ಯವಿರಲಿಲ್ಲ.

ಇಷ್ಟನ್ನು ಹೇಳಲೆಂದು ಆ ಊರಿಗೆ ಹೋದೆ. ಹುಲಿಗೆಮ್ಮ ಕೊಟ್ರಗೌಡರ ಎತ್ತರದ ತೋಟದಲ್ಲಿ ಮೊಗ್ಗು ಬಿಡಿಸುತ್ತಿದ್ದಳು, ಹಿಂದೆ ಮಾಡುತ್ತಿದ್ದ ಹಾಗೆ ಕೂಲಿಗೆ. ಗೌಡರೂ ಅಲ್ಲೇ ಇದ್ದರು. ಇಬ್ಬರ ಎದುರೂ ಹೇಳಿದೆ.

"ಅಂದ್ರ ನಮ್ಮ ಕಡೀದ ಹುಳಾನ ಅಂತೀರಿ," ಎಂದರು ಗೌಡರು.

"ಹೌದ್ರಿ. ಇಲ್ಲೀದ."

ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಆಗಿಹೋತು ಬಿಡ್ರಿ," ಎಂದು ಎದ್ದು ಮೋಟಾರು ಬಂದ್ ಮಾಡಲು ಹೋದರು. ಹುಲಿಗೆಮ್ಮನ ಕಡೆ ತಿರುಗಲಿಲ್ಲ. ಪಂಚಾಯಿತಿಯಲ್ಲಿ ಎಲ್ಲರ ಮುಂದೆ ಹೇಳಲೇ ಎಂದು ಹುಲಿಗೆಮ್ಮನನ್ನು ಕೇಳಿದೆ. ಅವಳು ಬ್ಯಾಡ ಎಂದು ಕೈಯಾಡಿಸಿದಳು. "ಈಗ ಎಲ್ಲಾರೂ ಮಾತಾಡತಾರ್ರಿ. ಮತ್ತ ಅದನ್ನ ತಗದ್ರ, ಮತ್ತ ಮಾತು ಬಿಡತಾರ."

ಆಟೋ ನಿಲ್ಲುವ ತನಕ ಅವಳು ಜೊತೆಗೆ ಬಂದಳು. ದಾರಿಯಲ್ಲಿ ಕೇಳಿದಳು, "ಆ ಹುಳಕ್ಕ ನಮ್ಮ ಊರ ಹೆಸರು ಇಟ್ಟೀರೇನ್ರಿ?"

"ಇಲ್ಲಮ್ಮ. ಅದಕ್ಕ ಭಾಳ ಹಿಂದೇ ಹೆಸರು ಇಟ್ಟಾರ. ನಾವು ಗುರುತು ಹಿಡಿದೀವಿ ಅಷ್ಟ."

"ಛಲೋ ಆತು," ಎಂದಳು. ಊರಿನ ಹೆಸರು ಹುಳಕ್ಕೆ ಅಂಟಲಿಲ್ಲವೆಂದು ಅವಳ ಮುಖದಲ್ಲಿ ನಿರಾಳ ಕಂಡಿತು. ಆ ಕೆಲಸದಿಂದ ಅವಳಿಗೆ ಸಿಕ್ಕಿದ್ದೆಂದರೆ ಅಷ್ಟೇ ಇರಬೇಕು.

ನಾನೀಗ ನಿವೃತ್ತಳು. ಆದರೂ ಜನ ಡಬ್ಬಿಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಹುಳ ಹಿಡಿದುಕೊಂಡು ಕೊಟ್ಟೂರಿನ ಮನೆಗೆ ಬರುತ್ತಾರೆ. ವರ್ಗೀಕರಣ ನನಗೆ ಕಲಿಸಿದ್ದು ತಾಳ್ಮೆ ಎಂದು ಮೊದಲು ಹೇಳುತ್ತಿದ್ದೆ. ಆ ತಾಳ್ಮೆ ಹುಳಕ್ಕೆ ಸಲ್ಲುತ್ತದೆ. ತೋಟ ಒಣಗುತ್ತಿರುವವರಿಗೆ, ಊರಿನ ಬಾಯಿಗೆ ಬಿದ್ದವರಿಗೆ ಸಲ್ಲುವುದಿಲ್ಲ. ಇದು ಅದಲ್ಲ ಎಂಬ ಉತ್ತರವನ್ನು ನಾವು ಬೇಗ ಕೊಡಬಲ್ಲೆವು. ಕಷ್ಟದಲ್ಲಿರುವವರಿಗೆ ಆ ಉತ್ತರ ಸಾಕಾಗುವುದಿಲ್ಲ. ಇದು ಏನು ಎಂಬ ಇನ್ನೊಂದು ಉತ್ತರ ಬರುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿರುತ್ತದೆ. ಇದನ್ನು ಸರಿಪಡಿಸುವ ದಾರಿ ನನಗೆ ಇನ್ನೂ ಸಿಕ್ಕಿಲ್ಲ. ಒಂದು ಮಾತ್ರ ಬದಲಾಗಿದೆ. ಮೊದಲು ಯಾರಾದರೂ ಹುಳ ತಂದರೆ, ಯಾವ ಗಿಡದಲ್ಲಿ ಸಿಕ್ಕಿತು ಎಂದು ಕೇಳುತ್ತಿದ್ದೆ. ಈಗ ಡಬ್ಬಿ ತೆರೆಯುವ ಮುಂಚೆ, ಇದನ್ನ ಯಾರು ತಂದಾರಂತ ಊರಾಗ ಹೇಳಾಕ ಹತ್ಯಾರ ಎಂದು ಕೇಳುತ್ತೇನೆ.